ಹಿಂದಿನ ಸೀಟು ಇಲ್ಲದ ಮಾಡೆಲ್ಲು

ಮೊದಲೇ ಹೇಳಿಬಿಡುತ್ತೇನೆ, ನಾನು ಹೆಂಡತಿಯನ್ನು ಬಿಟ್ಟಿರಲಿಲ್ಲ. ಬಿಡುವ ಯೋಚನೆಯೂ ಇರಲಿಲ್ಲ. ನಾನು ಕೈ ಹಾಕಿದ್ದು ಒಂದು ಹಳೆಯ ಮೋಟರ್ ಸೈಕಲ್ಲಿಗೆ. ಈ ಎರಡೂ ಬೇರೆ ಬೇರೆ ಎಂದು ಒಂದು ಇಡೀ ಬಡಾವಣೆಗೆ ಮನದಟ್ಟು ಮಾಡಲು ನಾನು ಕೂಗಾಡಿದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಅವರಿಗೆ ಅರ್ಥವಾಗಿದ್ದು ನನ್ನ ಬಾಯಿಂದಲ್ಲ, ಸೊಂಟದಿಂದ.

ನಾನು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವನು. ದಿನಕ್ಕೆ ನೂರ ಇಪ್ಪತ್ತು ಮನೆ. ಮನೆ ಕಟ್ಟುವವರು ಎಲ್ಲದಕ್ಕೂ ಒಳ್ಳೆಯ ಜಾಗ ನೋಡುತ್ತಾರೆ, ಮೀಟರಿಗೆ ಮಾತ್ರ ಹೂವಿನ ಕುಂಡದ ಹಿಂದೆ, ನಾಯಿ ಕಟ್ಟುವ ಮೂಲೆಯಲ್ಲೇ ಜಾಗ ಕೊಡುತ್ತಾರೆ. ಬಗ್ಗಿ, ಮುಚ್ಚಳ ಎತ್ತಿ, ಗಾಜು ಒರೆಸಿ, ಅಂಕಿ ಬರೆದುಕೊಂಡು ಏಳಬೇಕು. ಏಳುವಷ್ಟರಲ್ಲಿ ಮನೆಯವರು ಎದುರು ನಿಂತಿರುತ್ತಾರೆ, ಇಷ್ಟು ನೀರು ನಾವು ಬಳಸೇ ಇಲ್ಲ ಅನ್ನಲು. ಹಾಗಾದರೆ ನಿಮ್ಮ ನಾಯಿ ಕುಡಿದಿರಬೇಕು ಅನ್ನುತ್ತೇನೆ. ನಾನು ಮೀಟರಿನ ಮುಂದೆ ಬಗ್ಗುತ್ತೇನೆ, ಮನುಷ್ಯರ ಮುಂದೆ ಬಗ್ಗುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ನನಗೆ ಪರಿಚಯದವರು ಜಾಸ್ತಿ, ಸ್ನೇಹಿತರು ಇಲ್ಲ.

ಮೋಟರ್ ಸೈಕಲ್ಲು ನಮ್ಮ ಮಾವನದು. ಮಾವ ಮೂವತ್ತೆರಡು ವರ್ಷ ಬಸ್ ಓಡಿಸಿ ನಿವೃತ್ತರಾದವರು. ನಮ್ಮ ಮದುವೆಯಾದ ವರ್ಷ, ಮಗಳು ಕೆಲಸಕ್ಕೆ ನಡೆದುಕೊಂಡು ಹೋಗಬಾರದು ಎಂದು ಗಾಡಿ ತಂದು ನಮ್ಮ ಮನೆ ಮುಂದೆ ನಿಲ್ಲಿಸಿ ಹೋದರು. ಕೊಟ್ಟೆ ಎಂದೂ ಹೇಳಲಿಲ್ಲ, ವಾಪಸ್ ಕೊಡಿ ಎಂದೂ ಹೇಳಲಿಲ್ಲ. ಕಾಗದಪತ್ರ ಇವತ್ತಿಗೂ ಅವರ ಹೆಸರಲ್ಲೇ ಇದೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುವವಳು. ಇಪ್ಪತ್ಮೂರು ವರ್ಷ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಅವಳು ಹಿಂದೆ ಕೂತು, ನನ್ನ ಊಟದ ಡಬ್ಬಿಯನ್ನೂ ತನ್ನ ಡಬ್ಬಿಯನ್ನೂ ಮಡಿಲಲ್ಲಿಟ್ಟುಕೊಂಡು, ಹಿಂದಿನಿಂದ ಗಾಡಿ ಓಡಿಸಿದಳು. ಮುಂದೆ ಹಂಪ್ ಇದೆ, ಎರಡನೇ ಗೇರಿಗೆ ಹಾಕಿ, ಬಲಗಡೆ ಲಾರಿ ಬರ್ತಿದೆ. ಅವಳು ಹೇಳಿದ ಕಡೆಯೆಲ್ಲ ಹಂಪ್ ಇರುತ್ತಿತ್ತು, ಅವಳು ಹೇಳಿದ ಗೇರೇ ಸರಿ ಇರುತ್ತಿತ್ತು. ಹಾಗಂತ ಒಪ್ಪಿಕೊಳ್ಳಲು ಆಗುತ್ತದೆಯೇ? "ಸುಮ್ಮನೆ ಕೂತ್ಕೋ, ಓಡಿಸ್ತಿರೋದು ನಾನಾ ನೀನಾ?" ಎನ್ನುತ್ತಿದ್ದೆ.

ಅವಳಿಗೆ ಇನ್ನೊಂದು ದೂರಿತ್ತು. ಸೀಟಿನ ಹಿಂಭಾಗದಲ್ಲಿ ಎಡಗಡೆ ಒಂದು ಸ್ಕ್ರೂ ಚುಚ್ಚುತ್ತದೆ ಎಂದು. ನಾನು ಕೈಯಿಂದ ಒತ್ತಿ ನೋಡಿದೆ, ನನ್ನ ಕೈಗೆ ಚುಚ್ಚಲಿಲ್ಲ. ಎಲ್ಲಾ ನಿನ್ನ ಭ್ರಮೆ ಎಂದೆ. ಅವಳು ಆಸ್ಪತ್ರೆಯ ಮಂಚದ ಹಾಸಿಗೆಗೆ ಹಾಕುವಂಥ ಹಸಿರು ರೆಕ್ಸಿನ್ ತುಂಡು ತಂದು, ಒಳಗೆ ಹತ್ತಿ ಇಟ್ಟು, ದಪ್ಪ ದಾರದಲ್ಲಿ ತಾನೇ ತೇಪೆ ಹಾಕಿಕೊಂಡಳು. ಕಪ್ಪು ಸೀಟಿನ ಮೇಲೆ ಆ ಹಸಿರು ಚೌಕ ಅರ್ಧ ಮೈಲಿಗೆ ಕಾಣುತ್ತಿತ್ತು. ಈ ತೇಪೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳದೆ ಕೆಟ್ಟೆ.

ಇಷ್ಟಕ್ಕೆಲ್ಲ ಕಾರಣ ನಮ್ಮ ಕಚೇರಿಗೆ ಹೊಸದಾಗಿ ಬಂದ ಇಂಜಿನಿಯರ್. ಅವನ ಬೈಕು ನೋಡಲು ಇಡೀ ಕಚೇರಿ ಅಂಗಳಕ್ಕೆ ಇಳಿಯಿತು. ತಗ್ಗಿದ ಹ್ಯಾಂಡಲ್ಲು, ಉದ್ದನೆಯ ಟ್ಯಾಂಕು, ಹಿಂದೆ ಕಣಜದ ಬೆನ್ನಿನಂತೆ ಉಬ್ಬಿದ ಒಂದೇ ಒಂದು ಸೀಟು. ಮಡ್‌ಗಾರ್ಡು ಇದೆಯೋ ಇಲ್ಲವೋ ಎಂದು ಹುಡುಕಬೇಕು. ಇದಕ್ಕೆ ಕೆಫೆ ರೇಸರ್ ಅನ್ನುತ್ತಾರಂತೆ. ಯಾವುದೋ ದೇಶದಲ್ಲಿ ಹಿಂದೆ ಪಡ್ಡೆ ಹುಡುಗರು ಒಂದು ಕಾಫಿ ಅಂಗಡಿಯಿಂದ ಇನ್ನೊಂದಕ್ಕೆ ಪಂದ್ಯ ಕಟ್ಟಿ ಓಡಿಸುತ್ತಿದ್ದರಂತೆ, ವೇಗಕ್ಕೆ ಅಡ್ಡ ಬರುವುದನ್ನೆಲ್ಲ ಗಾಡಿಯಿಂದ ಕಿತ್ತು ಹಾಕುತ್ತಿದ್ದರಂತೆ. ಒಂದು ಅಂಗಡಿಯಲ್ಲಿ ಕಾಫಿ ಕುಡಿದ ಮೇಲೆ ಇನ್ನೊಂದಕ್ಕೆ ಯಾಕೆ ಹೋಗಬೇಕು ಎಂದು ನಾನು ಕೇಳಿದೆ. 

ನಮ್ಮ ಕ್ಯಾಷಿಯರು ನನ್ನ ಗಾಡಿಯ ಕಡೆ ಕೈ ತೋರಿಸಿ, ಇದು ಗ್ಯಾಸ್ ಸಿಲಿಂಡರ್ ಹೊರಲು ಲಾಯಕ್ಕು ಎಂದ. ಎಲ್ಲರೂ ನಕ್ಕರು. ಇಂಜಿನಿಯರ್ ನಗಲಿಲ್ಲ. ಹತ್ತಿರ ಬಂದು ಎಂಜಿನ್ ಮುಟ್ಟಿ ನೋಡಿ, ಇಂಥದ್ದು ಈಗ ಸಿಗುವುದಿಲ್ಲ, ಮನಸ್ಸು ಮಾಡಿದರೆ ಮನೆಯಲ್ಲೇ ಇದನ್ನು ಕೆಫೆ ರೇಸರ್ ಮಾಡಬಹುದು ಎಂದ.

"ಮಾಡ್ತಾ ಇದ್ದೀನಿ," ಎಂದೆ.

ಇದು ಸುಳ್ಳು. ಆದರೆ ಹತ್ತು ಜನರ ಮುಂದೆ ಹೇಳಿದ ಸುಳ್ಳನ್ನು ವಾಪಸ್ ತೆಗೆದುಕೊಳ್ಳುವುದಕ್ಕಿಂತ ಅದನ್ನು ನಿಜ ಮಾಡುವುದು ನನಗೆ ಸುಲಭ. ರಜೆ ಬರೆದುಕೊಟ್ಟು ಮನೆಗೆ ಬಂದೆ.

ಹೂವಿನ ಕುಂಡಕ್ಕೆ ಫೋನ್ ಒರಗಿಸಿಟ್ಟು ವಿಡಿಯೋ ಹಾಕಿಕೊಂಡೆ. ಅದರಲ್ಲಿ ಒಬ್ಬ ಮನುಷ್ಯ ಹನ್ನೊಂದು ನಿಮಿಷದಲ್ಲಿ ಇಡೀ ಗಾಡಿ ಮಾಡಿ ಮುಗಿಸುತ್ತಾನೆ, ಅಂಗಿಗೆ ಒಂದು ಹನಿ ಎಣ್ಣೆ ತಾಗುವುದಿಲ್ಲ. ನನಗೆ ಸೀಟಿನ ಕೆಳಗಿನ ಒಂದು ನಟ್ಟು ಬಿಚ್ಚಲು ಹನ್ನೊಂದು ಗಂಟೆಯಾಯಿತು. ಮಡ್‌ಗಾರ್ಡು ತೆಗೆದೆ. ಚೈನ್ ಕವರ್ ತೆಗೆದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಿರಲೆಂದು ಹಾಕಿದ್ದ ಜಾಲರಿ ತೆಗೆದೆ. ಹಿಂದೆ ಕೂತವರು ಕಾಲಿಡುವ ಕಡ್ಡಿ ತೆಗೆದೆ. ಕೊನೆಗೆ ಅಂಗಳದಲ್ಲಿ ಗಾಡಿಗಿಂತ ಅದರ ಬಿಡಿ ಭಾಗವೇ ಜಾಸ್ತಿಯಾಯಿತು. ಕಾರ್ಬುರೇಟರನ್ನು ಬಿಸಿನೀರಲ್ಲಿ ಕುದಿಸಿದರೆ ಜಿಡ್ಡು ಬಿಡುತ್ತದೆ ಎಂದು ವಿಡಿಯೋದವನು ಹೇಳಿದ, ನಾನು ಅಡುಗೆಮನೆಯಿಂದ ಒಂದು ಪಾತ್ರೆ ತೆಗೆದುಕೊಂಡೆ. ಹೆಂಡತಿ ಕೆಲಸದಿಂದ ಬಂದು ಮುಚ್ಚಳ ಎತ್ತಿ ನೋಡಿ, ಇದು ಎಷ್ಟು ಹೊತ್ತು ಬೇಯಬೇಕು, ಉಪ್ಪು ಹಾಕಿದ್ದೀರಾ ಎಂದು ಕೇಳಿದಳು. ಅವತ್ತಿನವರೆಗೂ ಅವಳು ಖುಷಿಯಾಗಿಯೇ ಇದ್ದಳು, ಇದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ.

ನಮ್ಮ ಎದುರುಮನೆಯಲ್ಲಿ ಒಬ್ಬ ನಿವೃತ್ತ ಹೆಡ್‌ಕ್ಲರ್ಕು ಇದ್ದಾರೆ. ಬೆಳಿಗ್ಗೆ ಒಂಬತ್ತರೊಳಗೆ ಪೇಪರನ್ನು ಜಾಹೀರಾತಿನವರೆಗೂ ಓದಿ ಮುಗಿಸುತ್ತಾರೆ. ಆಮೇಲೆ ನಮ್ಮ ಮನೆ ಓದುತ್ತಾರೆ. ಸೈಲೆನ್ಸರಿಗೆ ನಾನು ಬಿಸಿ ತಡೆಯುವ ಬಿಳಿ ಪಟ್ಟಿ ಸುತ್ತುತ್ತಿದ್ದರೆ, ಗೇಟಿನ ಹತ್ತಿರ ಬಂದು, ಯಾರಿಗೆ ಸುಟ್ಟಿತು, ಹೆಂಡತಿಗಾ ಎಂದು ಕೇಳಿದರು. ಸುಟ್ಟಿಲ್ಲ, ಇದು ಫ್ಯಾಶನ್ ಎಂದೆ. ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಎಂದರು. ಮೀಟರ್ ಓದುವವನ ಬಾಯಲ್ಲಿ ಬರಬಾರದ ಒಂದು ಮಾತು ಹೇಳಿದೆ. ಅವರು ಹೋಗಿ ತಮ್ಮ ಕುರ್ಚಿಯನ್ನು ಇನ್ನೂ ಎರಡು ಅಡಿ ಮುಂದಕ್ಕೆ ಎಳೆದುಕೊಂಡು ಕೂತರು.

ಗ್ರೈಂಡರ್ ತಂದು ಫ್ರೇಮಿನ ಹಿಂಭಾಗವನ್ನು ನಾನೇ ಕತ್ತರಿಸಿದೆ. ಕತ್ತರಿಸಿದ ತುದಿಗೆ ಬಳೆಯಂತೆ ಬಗ್ಗಿಸಿದ ಪೈಪು ಕೂರಿಸಬೇಕು. ಅದಕ್ಕೆ ಗ್ರಿಲ್ ಅಂಗಡಿಯವನನ್ನು ಕರೆದೆ. ಅವನು ಜೀವನದಲ್ಲಿ ಕಿಟಕಿ ಗ್ರಿಲ್ಲು ಬಿಟ್ಟರೆ ಬೇರೇನೂ ಮಾಡಿದವನಲ್ಲ. ಪೈಪು ಬೆಸೆದು ಮುಗಿಸಿ, ನಡುವೆ ಜಾಗ ಖಾಲಿ ಕಾಣುತ್ತೆ ಎಂದು ನನ್ನನ್ನು ಕೇಳದೆ ಒಂದು ಕಬ್ಬಿಣದ ಹೂವು ಇಟ್ಟುಬಿಟ್ಟ. ಕೆಫೆ ರೇಸರಿಗೆ ಹೂವು ಇರುವುದಿಲ್ಲ ಎಂದು ರೇಗಿದೆ. ಕಳ್ಳರು ಕೈ ಹಾಕೋಕೆ ಆಗಲ್ಲ ಸಾರ್ ಎಂದ.

ಅವತ್ತು ಸಂಜೆ ಸೀಮೆಸುಣ್ಣ ಹಿಡಿದು ಸೀಟಿನ ಮೇಲೆ ಅಡ್ಡಗೆರೆ ಎಳೆಯುತ್ತಿದ್ದೆ. ಗೆರೆಯ ಈಚೆ ನನ್ನ ಭಾಗ, ಆಚೆ ಹಸಿರು ತೇಪೆಯ ಭಾಗ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ನೋಡಿದಳು.

"ನಾನೆಲ್ಲಿ ಕೂರಲಿ?" ಎಂದಳು.

"ಈ ಮಾಡೆಲ್ಲಿಗೆ ಹಿಂದಿನ ಸೀಟು ಇರೋದಿಲ್ಲ," ಎಂದೆ.

"ಹೌದಾ?" ಎಂದಳು.

ಹೌದು ಎಂದೆ. ಪ್ರಶ್ನೆ ಕೇಳಿದಳು, ಉತ್ತರ ಕೊಟ್ಟೆ, ವಿಷಯ ಮುಗಿಯಿತು ಎಂದು ನಾನು ತಿಳಿದುಕೊಂಡೆ. ನನ್ನಂಥವರು ಹೀಗೆ ತಿಳಿದುಕೊಳ್ಳುವುದರಿಂದಲೇ ಹೆಂಗಸರಿಗೆ ತವರುಮನೆ ಅಂತ ಒಂದು ಬೇಕಾಗಿರುವುದು.

ಮರುದಿನ ಕುಷನ್ ಅಂಗಡಿಯವನು ಸೀಟನ್ನು ಗೆರೆಯ ಮೇಲೆ ಕೊಯ್ದು ನನ್ನ ಅರ್ಧಕ್ಕೆ ಹೊಸ ಬೆನ್ನು ಕಟ್ಟಿಕೊಟ್ಟ. ಉಳಿದ ಅರ್ಧವನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದೆ. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅದನ್ನು ನಡೆಸುವ ಹೆಂಗಸಿಗೆ ನನ್ನಷ್ಟೇ ವಯಸ್ಸು, ನನ್ನಷ್ಟೇ ಸಿಟ್ಟು. ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ವರ್ಷಕ್ಕೊಮ್ಮೆ ಬರುತ್ತಾನೆ. ಅವಳು ನನ್ನನ್ನು ಕಂಡು, ಗಾಡಿ ಕೆಲಸ ಎಲ್ಲಿಗೆ ಬಂತು ಎಂದು ಕೇಳಿ, ಹಾಗೇ ಮಾತಿಗೆ, ದಿನವಿಡೀ ಈ ಮರದ ಸ್ಟೂಲ್ ಮೇಲೆ ಕೂತು ತನ್ನ ಸೊಂಟ ಹಿಡಿದುಹೋಗಿದೆ ಎಂದಳು. ನನ್ನ ಕೈಯಲ್ಲಿ ಅರ್ಧ ಸೀಟಿತ್ತು. ಸ್ಟೂಲಿನ ಮೇಲೆ ಇಟ್ಟು ನೋಡಿದರೆ ಅದಕ್ಕೆಂದೇ ಅಳತೆ ತೆಗೆದು ಮಾಡಿದ ಹಾಗಿತ್ತು. ಕೊಟ್ಟುಬಂದೆ. ಎರಡು ದಿನ ಬಿಟ್ಟು ಸಿಕ್ಕಾಗ, ಎಡಗಡೆ ಏನೋ ಚುಚ್ಚುತ್ತೆ, ಆದರೂ ಮರಕ್ಕಿಂತ ವಾಸಿ ಎಂದಳು. ಎಲ್ಲಾ ನಿಮ್ಮ ಭ್ರಮೆ ಎಂದೆ.

ಅದೇ ವಾರ ನನ್ನ ಹೆಂಡತಿ ಆಸ್ಪತ್ರೆಯ ಡ್ಯೂಟಿ ಪಟ್ಟಿ ಜೆರಾಕ್ಸ್ ಮಾಡಿಸಲು ಹೋಗಿದ್ದಾಳೆ. ಅಂಗಡಿಯವಳು ಕಾಗದ ತೆಗೆಯಲು ಎದ್ದಿದ್ದಾಳೆ. ಸ್ಟೂಲಿನ ಮೇಲೆ ಹಸಿರು ಚೌಕ. ನನ್ನ ಹೆಂಡತಿ ಅದನ್ನು ನೋಡಿ, ಚಿಲ್ಲರೆ ಎಣಿಸಿ ಕೊಟ್ಟಳಂತೆ. ಕಾಗದ ತೆಗೆದುಕೊಂಡು ಬಂದಳಂತೆ. ಆದರೆ ಅವಳ ಹಿಂದೆ ಸರತಿಯಲ್ಲಿ ಎದುರುಮನೆಯ ಹೆಡ್‌ಕ್ಲರ್ಕು ಪಿಂಚಣಿ ಪುಸ್ತಕ ಹಿಡಿದು ನಿಂತಿದ್ದರು. ಅವರು ಆ ಸೀಟನ್ನು ಇಪ್ಪತ್ಮೂರು ವರ್ಷದಿಂದ ದಿನಾ ಬೆಳಿಗ್ಗೆ ನೋಡಿದವರು.

ಇದೊಂದೂ ನನಗೆ ಗೊತ್ತಿಲ್ಲ. ನಾನು ಟ್ಯಾಂಕಿಗೆ ಬಣ್ಣ ಹೊಡೆಯುತ್ತಿದ್ದೆ. ಗಾಡಿ ಬಿಚ್ಚಿದಾಗಿನಿಂದ ಬಸ್ಸಿಗೆ ಹೋಗುತ್ತಿದ್ದ ಹೆಂಡತಿ ಈಗ ಏಳು ಗಂಟೆಗೇ ಹೊರಡಲು ಶುರು ಮಾಡಿದಳು. ನನ್ನ ಡಬ್ಬಿ ಮೇಜಿನ ಮೇಲೆ ಇರುತ್ತಿತ್ತು, ಅವಳ ಮಾತು ಮಾತ್ರ ಇರುತ್ತಿರಲಿಲ್ಲ. ಪಾತ್ರೆಯಲ್ಲಿ ಕಾರ್ಬುರೇಟರ್ ಬೇಯಿಸಿದ್ದಕ್ಕೆ ಸಿಟ್ಟು ಎಂದುಕೊಂಡು ಹೊಸ ಪಾತ್ರೆ ತಂದಿಟ್ಟೆ. ಅವಳು ಅದನ್ನು ನೋಡಿದ ರೀತಿಗೆ ಅದರಲ್ಲಿ ನೀರು ಇದ್ದಿದ್ದರೆ ಕುದಿಯುತ್ತಿತ್ತು.

ರಜೆ ಮುಗಿಸಿ ಮೀಟರ್ ಓದಲು ಹೊರಟರೆ ಬೀದಿಗೆ ಬೀದಿಯೇ ಬದಲಾಗಿತ್ತು. ನೀರಿನ ಬಿಲ್ಲಿನ ಬಗ್ಗೆ ಒಬ್ಬರೂ ಜಗಳವಾಡಲಿಲ್ಲ. ಮೂರನೇ ಅಡ್ಡರಸ್ತೆಯ ಮುದುಕಿಯೊಬ್ಬಳು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟು, ಇಷ್ಟು ವರ್ಷ ಜೊತೆಗಿದ್ದದ್ದನ್ನು ಹೀಗೆ ಒಂದೇ ಸಲಕ್ಕೆ ಕತ್ತರಿಸಬಹುದಾ ಮಗಾ ಎಂದು ಕೇಳಿದಳು. ಗಾಡಿಯ ಸುದ್ದಿ ಇಲ್ಲಿಯವರೆಗೂ ಬಂದಿದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು. ಗ್ರೈಂಡರ್ ಇದ್ದರೆ ಐದು ನಿಮಿಷದ ಕೆಲಸ ಅಜ್ಜಿ ಎಂದೆ. ಅವಳು ಲೋಟ ವಾಪಸ್ ಕಸಿದುಕೊಂಡಳು.

ಶುಕ್ರವಾರ ಸಂಜೆ ಮಾವ ಬಂದರು, ಜೊತೆಗೆ ನನ್ನ ಭಾಮೈದ. ಭಾಮೈದ ನೋಟರಿಯೊಬ್ಬರ ಬಳಿ ಟೈಪಿಸ್ಟು. ಆ ಕೆಲಸಕ್ಕೆ ಸೇರಿದ ಮೇಲೆ ಅವನು ಮಾತಾಡುವುದನ್ನು ಬಿಟ್ಟು, ಬಾಯಲ್ಲೇ ಟೈಪು ಮಾಡಲು ಶುರು ಮಾಡಿದ್ದಾನೆ. ಹೆಂಡತಿ ಇನ್ನೂ ಬಂದಿರಲಿಲ್ಲ. ಗಾಡಿ ಅಂದೇ ಮುಗಿದಿತ್ತು, ಕೆಂಪು ಟ್ಯಾಂಕಿನ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಮಾವ ನೋಡಿ ಬೆನ್ನು ತಟ್ಟುತ್ತಾರೆ ಎಂದು ನಾನು ಎದೆ ಸೆಟೆಸಿ ನಿಂತೆ. ಅವರು ಡ್ರೈವರ್ ಮನುಷ್ಯ, ಮೊದಲು ಟೈರನ್ನು ಕಾಲಿನ ಹೆಬ್ಬೆರಳಿಂದ ಒತ್ತಿ ನೋಡಿದರು. ಒಂದು ಸುತ್ತು ಬಂದರು. ಕಬ್ಬಿಣದ ಹೂವಿನ ಹತ್ತಿರ ನಿಂತರು. ಹಿಂದಿನ ಸೀಟು ಇರಬೇಕಾದ ಕಡೆ ಗಾಳಿಯಲ್ಲಿ ಅಂಗೈ ಇಟ್ಟರು.

"ಸೀಟು ಎಷ್ಟು?"

"ಒಂದು," ಎಂದೆ.

"ನನ್ನ ಮಗಳು?"

ಬಸ್ಸಿದೆಯಲ್ಲ ಎಂದೆ. ಮೂವತ್ತೆರಡು ವರ್ಷ ಬಸ್ ಓಡಿಸಿದವರ ಮುಂದೆ ಬಸ್ಸಿನ ಹೆಸರು ಹೇಳಿದರೆ ಮರ್ಯಾದೆ ಕೊಟ್ಟ ಹಾಗಾಗುತ್ತದೆ ಎಂಬುದು ನನ್ನ ಲೆಕ್ಕ.

"ಅಳಿಯಂದಿರೇ," ಎಂದರು ಮಾವ, ದನಿ ಏರಿಸದೆ. "ನಾನು ಒಂದು ದಿನವೂ ಟಿಕೆಟ್ ತಗೊಂಡವರನ್ನ ನಡುದಾರೀಲಿ ಇಳಿಸಿದವನಲ್ಲ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೆ ನನಗೆ ಸಿಟ್ಟು ಬರುತ್ತದೆ. ಏನು ವಿಷಯ ನೇರವಾಗಿ ಹೇಳಿ ಎಂದು ಕೂಗಿದೆ. ಎದುರುಮನೆಯ ಕುರ್ಚಿ ಕಿರ್ ಎಂದು ಮುಂದೆ ಬಂತು. ಭಾಮೈದ ಜೇಬಿನಿಂದ ಕಾಗದ ತೆಗೆದ.

"ಪಾಯಿಂಟ್ ಒಂದು. ಅಕ್ಕನಿಗೆ ಕೂರೋಕೆ ಜಾಗ ಇಲ್ಲ ಅಂತ ನೀವು ನಿಮ್ಮ ಬಾಯಿಂದಲೇ ಹೇಳಿದ್ದೀರಿ. ಪಾಯಿಂಟ್ ಎರಡು. ಆಕೆ ಈಗ ಬಸ್ಸಲ್ಲಿ ಓಡಾಡ್ತಿದ್ದಾಳೆ. ಪಾಯಿಂಟ್ ಮೂರು. ಅಕ್ಕನ ಸೀಟು ಈ ಹೊತ್ತಿನಲ್ಲಿ ಎಲ್ಲಿದೆ, ಅದರ ಮೇಲೆ ಯಾರು ಕೂತಿದ್ದಾರೆ, ಹೇಳಿ ಭಾವ."

ಆಗ ನನಗೆ ಹೊಳೆಯಿತು. ಮೂರನೇ ಅಡ್ಡರಸ್ತೆಯ ಮುದುಕಿಯ ಲೋಟವೂ ಹೊಳೆಯಿತು. ನಾನು ಸ್ಟೂಲು, ಸೊಂಟ, ಕುಷನ್ನು ಎಂದೆಲ್ಲ ವಿವರಿಸತೊಡಗಿದೆ. ನನ್ನ ದನಿ ಏರಿದಷ್ಟೂ ವಿವರಣೆ ಕೆಡುತ್ತ ಹೋಯಿತು. ಅವಳ ಸೊಂಟದ ವಿಷಯ ನಿಮಗೆ ಹೇಗೆ ಗೊತ್ತು ಎಂದು ಭಾಮೈದ ಕೇಳಿ, ಕಾಗದದ ಮೇಲೆ ನಾಲ್ಕನೇ ಪಾಯಿಂಟು ಬರೆದುಕೊಂಡ.

ಮಾವ ತೀರ್ಮಾನ ಹೇಳಿದರು. ನಾಳೆ ಶನಿವಾರ ಮಗಳಿಗೆ ಒಂದು ಗಂಟೆಗೆ ಡ್ಯೂಟಿ ಮುಗಿಯುತ್ತದೆ. ಆಸ್ಪತ್ರೆಗೇ ಹೋಗಿ ಅವಳನ್ನು ಕೇಳುತ್ತಾರೆ. ಬರುತ್ತೇನೆ ಅಂದರೆ ಅಲ್ಲಿಂದಲೇ ಕರೆದುಕೊಂಡು ಹೋಗುತ್ತಾರೆ, ಸೋಮವಾರ ಬಂದು ಗಾಡಿಯನ್ನೂ ಒಯ್ಯುತ್ತಾರೆ. ಅವಳು ಅವರಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತಂತೆ, ಜಾಗ ಇಲ್ಲದ ಕಡೆ ಯಾಕಿರಲಿ ಎಂದು.

ಅವಳು ಬಂದ ಮೇಲೆ ನಾನು ಮಾತಾಡಬೇಕಿತ್ತು. ನಿನಗೆ ಬುದ್ಧಿ ಇದೆಯಾ ಎಂಬ ಮಾತಿನಿಂದ ಶುರು ಮಾಡಿದ್ದರಿಂದ ಅದು ಮುಂದೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಬಳಿ ಅವಳ ಕಂದು ಬಣ್ಣದ ಬ್ಯಾಗು ತುಂಬಿ ನಿಂತಿತ್ತು, ಅವಳು ಬಸ್ಸಿಗೆ ಹೋಗಿಯಾಗಿತ್ತು. ಮೇಜಿನ ಮೇಲೆ ಡಬ್ಬಿ ಇತ್ತು. ಬಿಟ್ಟು ಹೋಗುವವಳು ಡಬ್ಬಿ ಯಾಕೆ ಕಟ್ಟಿದಳು ಎಂದು ನಾನು ಆ ಬ್ಯಾಗನ್ನೂ ಡಬ್ಬಿಯನ್ನೂ ಒಂದರ ನಂತರ ಒಂದು ನೋಡುತ್ತ ಕೂತೆ. ಹನ್ನೆರಡು ಗಂಟೆಯಾಗಿಹೋಯಿತು.

ಜೆರಾಕ್ಸ್ ಅಂಗಡಿಗೆ ನುಗ್ಗಿದೆ. ಪರೀಕ್ಷೆಯ ಅರ್ಜಿ ಹಿಡಿದ ಹುಡುಗಿಯರ ಸರತಿ ಇತ್ತು. ನನ್ನ ಹೆಂಡತಿಯ ಸೀಟು ಕೊಡಿ ಎಂದೆ. ಜೋರಾಗಿಯೇ ಅಂದೆನಂತೆ. ಹುಡುಗಿಯರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಅಂಗಡಿಯವಳು ಸೀಟಿನ ಮೇಲಿಂದ ಏಳಲಿಲ್ಲ. ಈ ಬಡಾವಣೆಯವರು ನಿಮ್ಮ ಜೊತೆ ನನ್ನ ಹೆಸರು ಸೇರಿಸಿ ಆಡಿದ ಮಾತೆಲ್ಲ ನನಗೂ ಗೊತ್ತು, ನನ್ನ ಗಂಡನಿಗೆ ನಡುಸಮುದ್ರದವರೆಗೂ ಯಾರೋ ಫೋನ್ ಮಾಡಿ ಹೇಳಿದ್ದಾರೆ, ಅವನು ನಕ್ಕು ನಿಮ್ಮ ಮುಖದ ಫೋಟೋ ಕಳಿಸು ಅಂದ, ಕಳಿಸಿದೆ, ಇನ್ನೂ ನಗುತ್ತಿದ್ದಾನೆ ಎಂದಳು. "ನಿಮ್ಮ ಕೈಗೆ ಕೊಡಲ್ಲ. ಯಾರ ಸೀಟೋ ಅವರು ಬಂದು ಕೇಳಲಿ. ಎದ್ದು ಕೊಡ್ತೀನಿ."

ಹನ್ನೆರಡೂವರೆ ಆಗಿತ್ತು. ಬಸ್ಸು ಹೋಗಿತ್ತು. ಮನೆಗೆ ಓಡಿಬಂದು ಕೆಫೆ ರೇಸರ್ ಹತ್ತಿದೆ.

ಅದು ಅದರ ಮೊದಲ ಓಟ. ವಿಡಿಯೋದವನು ಆ ಹ್ಯಾಂಡಲ್ ಹಿಡಿದಾಗ ಚಿರತೆಯ ಹಾಗೆ ಕಾಣುತ್ತಿದ್ದ. ನಾನು ಹಿಡಿದಾಗ ನನ್ನ ಗಲ್ಲ ಟ್ಯಾಂಕಿಗೆ ತಾಗಿತು. ಮುಂದೆ ನೋಡಬೇಕಾದರೆ ಹುಬ್ಬಿನ ಮೇಲಿಂದ ನೋಡಬೇಕು. ನಮ್ಮ ಮನೆಯಿಂದ ಆಸ್ಪತ್ರೆಗೆ ನಾಲ್ಕು ಕಿಲೋಮೀಟರು, ಹದಿನಾಲ್ಕು ಹಂಪ್. ಹದಿನಾಲ್ಕು ಎಂದು ನನಗೆ ಗೊತ್ತಾಗಿದ್ದು ಅವತ್ತೇ. ಅಷ್ಟು ವರ್ಷ ಎಣಿಸುವ ಕೆಲಸ ಹಿಂದಿನ ಸೀಟಿನದಾಗಿತ್ತು. ಒಂಬತ್ತನೇ ಹಂಪಿನಲ್ಲಿ ಸೊಂಟದಲ್ಲಿ ಕಟ್ ಎಂದಿತು. ಹದಿನಾಲ್ಕನೆಯದು ದಾಟಿ ಆಸ್ಪತ್ರೆಯ ಗೇಟಿನಲ್ಲಿ ಇಳಿದರೆ, ಗಾಡಿ ನಿಂತಿತು, ನಾನು ಏಳಲಿಲ್ಲ. ಅಂದರೆ ಕಾಲು ನೆಲದ ಮೇಲಿದೆ, ತಲೆ ಮೊಣಕಾಲಿನ ನೇರಕ್ಕಿದೆ, ನಡುವೆ ಇರುವುದೆಲ್ಲ ಬೀಗ ಹಾಕಿದ ಹಾಗೆ.

ಗೇಟಿನ ಕಾವಲಿನವನಿಗೂ ನನಗೂ ಗಾಡಿ ನಿಲ್ಲಿಸುವ ವಿಷಯಕ್ಕೆ ಆರು ವರ್ಷದ ಜಗಳ. ಅವನ ಮುಂದೆ ನಾನು ನಡು ಬಗ್ಗಿಸಿ ನಿಂತದ್ದು ನೋಡಿ ಅವನು ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದ. ಇರಲಿ ಬಿಡಿ ಸಾರ್, ತಪ್ಪು ನನ್ನದೂ ಇತ್ತು ಎಂದ.  ಹಾಗೇ ಒಳಗೆ ನಡೆದೆ. ಎದುರಿಗೆ ಬಂದ ನರ್ಸು, ಹಿಂದೊಮ್ಮೆ ನನ್ನ ಹತ್ತಿರ ಬೈಸಿಕೊಂಡಿದ್ದ ಲ್ಯಾಬಿನವನು, ನಾನು ಮೀಟರ್ ಓದುವ ಮನೆಗಳ ನಾಲ್ಕೈದು ಜನ, ಎಲ್ಲರಿಗೂ ನಾನು ತಲೆ ಬಾಗಿಸಿಕೊಂಡೇ ಹೋದೆ. ಎಲ್ಲರೂ ಕೈ ಮುಗಿದರು. ನನ್ನ ಕಣ್ಣಿಗೆ ಬಿದ್ದದ್ದು ನೆಲದ ಟೈಲ್ಸು ಮತ್ತು ಜನರ ಚಪ್ಪಲಿ ಮಾತ್ರ.

ಔಷಧಿ ಕಿಟಕಿಯ ಮುಂದೆ ನಲವತ್ತು ಜನರ ಸಾಲಿತ್ತು. ನನ್ನ ಅವತಾರ ನೋಡಿ ದಾರಿ ಬಿಟ್ಟರು. ಆ ಕಿಟಕಿಯನ್ನು ಕಟ್ಟಿದವನು ಕುಳ್ಳರಿಗೆಂದು ಕಟ್ಟಿರಬೇಕು, ಎಲ್ಲರೂ ಬಗ್ಗಿಯೇ ಮಾತಾಡಬೇಕು. ನಾನು ಸರಿಯಾಗಿ ಆ ಎತ್ತರಕ್ಕೇ ಬಂದಿದ್ದೆ. ಕಿಟಕಿಯ ಆಚೆ ಹೆಂಡತಿ. ಪಕ್ಕದ ಬೆಂಚಿನ ಕೆಳಗೆ ನನಗೆ ಗುರುತಿದ್ದ ಎರಡು ಜೊತೆ ಕಾಲು, ಮಾವನದು ಮತ್ತು ಭಾಮೈದನದು.

"ಅಪ್ಪಾ, ನೋಡು," ಎಂದ ಭಾಮೈದ. ಪಾಯಿಂಟ್ ನಂಬರು ಹೇಳುವುದನ್ನು ಮರೆತಿದ್ದ.

ಮಾವ ಎದ್ದು ನಿಂತರು. ಅವರ ಚಪ್ಪಲಿ ಎರಡು ಹೆಜ್ಜೆ ನನ್ನ ಕಡೆ ಬಂತು. ಇಪ್ಪತ್ಮೂರು ವರ್ಷದಲ್ಲಿ ಈ ಮನುಷ್ಯ ಯಾರ ಮುಂದೂ ಬಗ್ಗಿದ್ದನ್ನು ಕಂಡಿಲ್ಲ, ಇವತ್ತು ಇಷ್ಟು ಜನರ ಎದುರಿಗೆ ಹೀಗೆ ನಿಂತಿದ್ದಾರೆ, ಇದಕ್ಕಿಂತ ಹೆಚ್ಚು ಇನ್ನೇನು ಬೇಕು ಮಗಳೇ ಎಂದರು. ಸಾಲಿನಲ್ಲಿ ಯಾರೋ ಹೆಂಗಸು ಮೂಗು ಒರೆಸಿಕೊಂಡಳು.

ನನ್ನ ಹೆಂಡತಿ ಮಾತ್ರ ನನ್ನ ಮುಖ ನೋಡಲಿಲ್ಲ. ಸೊಂಟದ ಮೇಲೆ ನಾನು ಒತ್ತಿ ಹಿಡಿದಿದ್ದ ಕೈ ನೋಡಿದಳು. ಆ ಕಿಟಕಿಯಲ್ಲಿ ಕೂತು ಎಷ್ಟು ಸೊಂಟ ನೋಡಿದ್ದಾಳೋ. ಕಿಟಕಿಗೆ ಮುಖ ತಂದು ಮೆಲ್ಲಗೆ ಕೇಳಿದಳು.

"ಹಿಡಿದುಕೊಂಡಿತಾ?"

"ಹೂಂ."

"ಎಷ್ಟನೇ ಹಂಪು?"

"ಒಂಬತ್ತು."

"ಅಲ್ಲಿ ಎರಡನೇ ಗೇರು," ಎಂದಳು. ಹಿಂದಕ್ಕೆ ಸರಿದು ಕೂತು, ನೋವಿನ ಮುಲಾಮಿನ ಟ್ಯೂಬು ಎತ್ತಿ ಮೇಜಿನ ಮೇಲೆ ನನ್ನ ಕೈಗೆ ಎಟುಕದ ಕಡೆ ಇಟ್ಟಳು. ಆಮೇಲೆ ಇಡೀ ಸಾಲಿಗೆ ಕೇಳುವ ಹಾಗೆ, ಏನೋ ಹೇಳಬೇಕು ಅಂತ ಬಂದ ಹಾಗಿದೆ, ಹೇಳಿ ಎಂದಳು.

ಸೀಟನ್ನು ಸ್ಟೂಲಿಗೆ ಅಂತ ಕೊಟ್ಟೆ, ಬೇರೆ ಏನೂ ಇಲ್ಲ, ಯಾರದು ಅಂತ ಯೋಚನೆ ಮಾಡಲಿಲ್ಲ ಎಂದೆ.

"ಯಾರದು?"

"ನಿನ್ನದು."

"ಹಿಂದೆ ನಿಂತವರಿಗೆ ಕೇಳಿಸಲಿಲ್ಲ ಅನ್ಸುತ್ತೆ."

ನಿನ್ನದು ಎಂದು ನಾನು ಕೂಗಿದ್ದು ಹೆರಿಗೆ ವಾರ್ಡಿನವರೆಗೂ ಕೇಳಿಸಿತಂತೆ. ಕೂಗಿದ ರಭಸಕ್ಕೆ 'ಅಯ್ಯೋ' ಎಂದೂ ಸೇರಿಕೊಂಡಿತು, ಜನ ಅದನ್ನು ಪಶ್ಚಾತ್ತಾಪ ಎಂದುಕೊಂಡರು. ಟ್ಯೂಬು ಕಿಟಕಿಯಿಂದ ಈಚೆ ಬಂತು. ಮಾವ ನನ್ನನ್ನು ಎತ್ತಿ ನಿಲ್ಲಿಸಲು ತೋಳು ಹಿಡಿದರು. ಏಳಿ ಅಳಿಯಂದಿರೇ, ಸಾಕು ಎಂದರು. ಏಳಲು ಆಗಿದ್ದರೆ ನಾನು ಗೇಟಿನಲ್ಲೇ ಏಳುತ್ತಿದ್ದೆ. ಹಾಗೆಂದು ಹೇಳಲು ಬಾಯಿ ತೆಗೆದೆ. ಕಿಟಕಿಯಾಚೆಯಿಂದ ಹೆಂಡತಿ ಕಣ್ಣು ದೊಡ್ಡದು ಮಾಡಿದಳು. ಬಾಯಿ ಮುಚ್ಚಿದೆ. ಅವಳನ್ನು ಕರೆದೊಯ್ಯಲು ಬಂದ ಆಟೋದಲ್ಲಿ ನನ್ನನ್ನು ಅಡ್ಡಡ್ಡ ಮಲಗಿಸಿ ಮನೆಗೆ ತಂದರು. ಕಂದು ಬ್ಯಾಗನ್ನು ಅವಳೇ ಒಳಗೆ ಎತ್ತಿಟ್ಟಳು.

ಮೂರು ವಾರ ಮಂಚದ ಮೇಲೆ ಮಲಗಿ ಸೂರು ನೋಡಿದೆ. ಅಷ್ಟರಲ್ಲಿ ಆದದ್ದನ್ನೆಲ್ಲ ಕಿವಿಯಿಂದ ತಿಳಿದುಕೊಂಡೆ. ಹೆಂಡತಿ ಜೆರಾಕ್ಸ್ ಅಂಗಡಿಗೆ ಹೋದಳು. ಹತ್ತು ನಿಮಿಷಕ್ಕೆಂದು ಹೋದವಳು ಎರಡು ಗಂಟೆ ಕೂತಳು. ಎಡಗಡೆ ಚುಚ್ಚುತ್ತಲ್ವಾ ಎಂದು ಇವಳು ಕೇಳಿದಳಂತೆ, ನಿಮಗೂ ಭ್ರಮೆ ಅಂದರಾ ಎಂದು ಅವಳು ಕೇಳಿದಳಂತೆ, ಅಲ್ಲಿಂದ ಇಬ್ಬರೂ ಒಂದಾದರು. ಅವಳ ಸ್ಟೂಲಿಗೆ ಇವಳು ಹೊಸ ಮೆತ್ತೆ ಹೊಲಿದುಕೊಟ್ಟಳು, ಸೀಟು ಮನೆಗೆ ಬಂತು. ಅದನ್ನು ಕೂರಿಸಲು ಗ್ರಿಲ್ ಅಂಗಡಿಯವನು ಮತ್ತೆ ಬಂದು ಫ್ರೇಮು ಉದ್ದ ಮಾಡಿ ಎರಡನೇ ಹೂವು ಇಟ್ಟ. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕೆಲಸ ಮಾಡಿಸಿದರು, ಎದುರುಮನೆಯ ಹೆಡ್‌ಕ್ಲರ್ಕು ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸಲಹೆ ಕೊಟ್ಟರು. ನಾನು ಒಳಗಿಂದ ಕೂಗಿ ಅವರನ್ನು ಮನೆಗೆ ಕಳಿಸಲು ನೋಡಿದೆ, ಸೊಂಟ ಬಿಡಲಿಲ್ಲ.

ಡಾಕ್ಟರು ಆ ಹ್ಯಾಂಡಲನ್ನು ನಾನು ಇನ್ನು ಮುಟ್ಟಲೇಬಾರದು ಎಂದು ಬರೆದುಕೊಟ್ಟರು. ಹಾಗಾದರೆ ಹಳೆಯ ಹ್ಯಾಂಡಲ್ ಹಾಕಿಸುತ್ತೇನೆ ಎಂದೆ. ಬೇಡ, ಇದೇ ಚೆನ್ನಾಗಿದೆ ಎಂದಳು ಹೆಂಡತಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಎರಡೂ ಡಬ್ಬಿಗಳನ್ನು ನನ್ನ ಕೈಗೆ ಕೊಟ್ಟು, ಮುಂದಿನ ಸೀಟಿನಲ್ಲಿ ಕೂತಳು. ಅವಳ ಎತ್ತರಕ್ಕೆ ಆ ತಗ್ಗಿದ ಹ್ಯಾಂಡಲ್ಲು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಲೈಸೆನ್ಸ್ ಇದೆಯಾ ಎಂದು ಕೇಳಿದೆ. ಮದುವೆಗೆ ಮುಂಚಿನಿಂದ ಇದೆ, ಅಪ್ಪ ಇದೇ ಗಾಡಿಯಲ್ಲೇ ಕಲಿಸಿದ್ದು, ನೀವು ಯಾವತ್ತೂ ಕೇಳಲಿಲ್ಲ ಎಂದಳು. ಎದುರುಮನೆಯ ಕುರ್ಚಿಯಿಂದ ಚಪ್ಪಾಳೆ ಕೇಳಿಸಿತು.

ಹಸಿರು ತೇಪೆಯ ಮೇಲೆ ಕೂತೆ. ಗಾಡಿ ಬಾಣದ ಹಾಗೆ ಹೊರಟಿತು. ಮೂಲೆಯಲ್ಲಿ ಜೆರಾಕ್ಸ್ ಅಂಗಡಿಯವಳು ಕೈ ಬೀಸಿದಳು, ನನಗಲ್ಲ. ಮೊದಲನೇ ಹಂಪ್ ಬಂತು, ಎರಡನೇ ಗೇರಿಗೆ ಬಂದು ನಯವಾಗಿ ದಾಟಿತು. ಆ ಇಳಿತದಲ್ಲೇ ಎಡಗಡೆ, ತೇಪೆಯ ಒಳಗಿನಿಂದ, ಏನೋ ನನ್ನನ್ನು ಸರಿಯಾಗಿ ಇರಿಯಿತು. ಎರಡೂ ಡಬ್ಬಿ ಹಿಡಿದುಕೊಂಡೇ ಅರ್ಧ ಎದ್ದೆ.

"ಏ, ನಿಲ್ಸು. ಇಲ್ಲೊಂದು ಸ್ಕ್ರೂ ಇದೆ, ಚುಚ್ತಿದೆ," ಎಂದೆ.

ಅವಳು ತಿರುಗಿ ನೋಡಲಿಲ್ಲ. ಮೂರನೇ ಗೇರಿಗೆ ಹಾಕಿದಳು.

"ಎಲ್ಲಾ ನಿಮ್ಮ ಭ್ರಮೆ," ಎಂದಳು.